ಉತ್ತರ ಹೇಳುವ ಕಾಲು

ದರ್ಜಿಯ ಕೈಯನ್ನು ಹೊಗಳಿದವರು ಬೇಕಾದಷ್ಟು ಜನ. ಕೋಟಿನ ಹೆಗಲು ಕೂರಿಸುವುದರಲ್ಲಿ ಅವನನ್ನು ಬಿಟ್ಟರಿಲ್ಲ ಎಂದು ಆ ಬೀದಿಯವರೆಲ್ಲ ಹೇಳುತ್ತಿದ್ದರು. ಆದರೆ ಅವನ ಕಾಲನ್ನು ಇಲ್ಲಿಯವರೆಗೆ ಯಾರೂ ಹೊಗಳಿರಲಿಲ್ಲ. ಹಾಗಾಗಿ ಆ ಸಂಜೆ ಹೆಂಡತಿ ಅವನ ಪ್ಯಾಂಟನ್ನು ಮಂಡಿಯವರೆಗೆ ಮಡಚಿ, ಎರಡೂ ಕಾಲನ್ನು ಸ್ಟೂಲಿನ ಮೇಲೆ ಇಡಿಸಿ, ಸಂತೆಯಲ್ಲಿ ತರಕಾರಿ ಆರಿಸುವವಳಂತೆ ಒತ್ತಿ ಹಿಸುಕಿ ನೋಡಿ, "ಪರವಾಗಿಲ್ಲ, ಚೆನ್ನಾಗಿದೆ" ಎಂದಾಗ ಅವನು ಉಬ್ಬಿಹೋದ.

"ಯಾವುದು ಚೆನ್ನಾಗಿದೆ?"

"ನಿಮ್ಮ ಮೀನಖಂಡ. ಮಷೀನು ತುಳಿದೂ ತುಳಿದೂ ಒಳ್ಳೆ ಗಟ್ಟಿ ಬಂದಿದೆ. ಕೊಬ್ಬೂ ಕಡಿಮೆ. ನಾಳೆ ಪರೀಕ್ಷೆಗೆ ಬೇಕು."

"ಕತ್ತರಿಸ್ತೀಯಾ?"

ಅವನೇನೂ ತಮಾಷೆಗೆ ಕೇಳಿದ್ದಲ್ಲ. ಹೆಂಡತಿ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನೆ ಕಲಿಸುವವಳು. ಕತ್ತರಿಸುವುದು ಅವಳ ದಿನನಿತ್ಯದ ಕೆಲಸ. ವಿದ್ಯಾರ್ಥಿಗಳು ಎದುರಿಗೆ ಮೇಡಂ ಎಂದೂ ಬೆನ್ನ ಹಿಂದೆ ಮೂಳೆ ಮೇಡಂ ಎಂದೂ ಕರೆಯುತ್ತಿದ್ದರು. ಅವಳು ತರಗತಿಯೊಳಗೆ ಕಾಲಿಟ್ಟರೆ ಫ್ಯಾನು ಕೂಡ ಸದ್ದು ತಗ್ಗಿಸುತ್ತದೆ ಎಂಬ ಮಾತು ಕಾಲೇಜಿನಲ್ಲಿ ಚಾಲ್ತಿಯಲ್ಲಿತ್ತು.

"ಕತ್ತರಿಸಲ್ಲ. ಸುಮ್ನೆ ಮಲಗಿದ್ರೆ ಸಾಕು. ಮಕ್ಕಳು ಬಂದು ಚರ್ಮದ ಮೇಲಿಂದಲೇ ಯಾವ ಸ್ನಾಯು ಎಲ್ಲಿದೆ ಅಂತ ಮುಟ್ಟಿ ತೋರಿಸ್ಬೇಕು. ಪ್ರತಿ ವರ್ಷ ನಮ್ಮ ಗೇಟಿನ ಕಾವಲುಗಾರ ಮಲಗ್ತಿದ್ದ. ಇವತ್ತು ಮೆಟ್ಟಿಲ ಮೇಲೆ ಕಾಲು ಉಳುಕಿಸ್ಕೊಂಡು ಕೂತಿದ್ದಾನೆ. ಕಣಕಾಲು ಬನ್ನಿನ ಥರ ಊದಿದೆ, ಒಂದು ಗಿಣ್ಣೂ ಕಾಣಲ್ಲ."

"ನನಗೆ ಕಚಗುಳಿ ಜಾಸ್ತಿ. ಗೊತ್ತಲ್ಲ ನಿನಗೆ."

"ಹಲ್ಲು ಕಚ್ಕೊಂಡಿರಿ."

ಹಾಗೆ ಮಾತು ಮುಗಿಯಿತು. ಅವಳ ಜೊತೆ ಮಾತು ಸಾಮಾನ್ಯವಾಗಿ ಹಾಗೆಯೇ ಮುಗಿಯುತ್ತಿತ್ತು. ಆಮೇಲೆ ಅವಳು ಅವನ ಕ್ಷೌರದ ಸಾಮಾನನ್ನೇ ತಂದು ಮಂಡಿಯ ಕೆಳಗಿನ ರೋಮವನ್ನೆಲ್ಲ ಬೋಳಿಸಿದಳು. ಬಣ್ಣದ ಪೆನ್ನು ಹಿಡಿದು ಎರಡೂ ಕಾಲಿನ ಮೇಲೆ ಗೆರೆ ಎಳೆಯುತ್ತ, ನಾಳೆ ಏನೇನು ಕೇಳಬಹುದು ಎಂದು ತನಗೆ ತಾನೇ ಹೇಳಿಕೊಳ್ಳತೊಡಗಿದಳು. ಪಾದ ಎತ್ತಿ ಎಂದಳು, ಎತ್ತಿದ. ಕಣಕಾಲಿನ ಮುಂದೆ, ಒಳಬದಿಗೆ, ದಪ್ಪ ಹುರಿಯೊಂದು ಎದ್ದು ನಿಂತಿತು. "ಟಿಬಿಯಾಲಿಸ್ ಆಂಟೀರಿಯರ್" ಎಂದಳು. ಹೆಬ್ಬೆರಳು ಮಾತ್ರ ಎತ್ತಿ ಎಂದಳು. ಅದರ ಪಕ್ಕದಲ್ಲೇ ಸಣ್ಣ ಹುರಿಯೊಂದು ಹೆಬ್ಬೆರಳಿನ ತನಕ ಓಡಿತು. ಅದಕ್ಕೂ ಒಂದು ಉದ್ದದ ಹೆಸರು. ಪಾದ ಹೊರಗೆ ತಿರುಗಿಸಿದಾಗ ಹೊರಗಿನ ಗಿಣ್ಣಿನ ಹಿಂದೆ ಎರಡು ಎಳೆ ಬಿಗಿದವು. ಅವರು ಪೆರೋನಿಯಸ್ ಅಣ್ಣತಮ್ಮಂದಿರು.

ದರ್ಜಿಗೆ ಇದೆಲ್ಲ ಭಾರಿ ಹಿಡಿಸಿತು. "ಅಲ್ಲ ಕಣೇ, ಇದು ಪೈಜಾಮದ ಲಾಡಿ ಅಲ್ವಾ? ಮಂಡಿ ಕೆಳಗೆ ಕೂತವನು ಎಳೀತಾನೆ, ಇಲ್ಲಿ ಬೆರಳು ಏಳುತ್ತೆ. ಲಾಡಿ ಆಚೀಚೆ ಹೋಗದ ಹಾಗೆ ಮಧ್ಯೆ ಈ ಅಡ್ಡಪಟ್ಟಿ. ಯಾರು ಹೊಲಿದಿದ್ದು ಇದನ್ನ, ಒಂದು ಟಾಕೂ ಕಾಣಲ್ಲ!"

"ಹೂಂ, ಲಾಡಿನೇ. ಕಾಲು ಅಲ್ಲಾಡಿಸ್ಬೇಡಿ, ಗೆರೆ ವಕ್ರ ಆಗುತ್ತೆ."

ಸಂಜೆ ಮುಗಿಯುವ ಹೊತ್ತಿಗೆ ಅವನಿಗೆ ಏಳೆಂಟು ಹೆಸರು ಬಾಯಿಪಾಠವಾಗಿತ್ತು. ಯಾವ ಹೆಸರಿಗೆ ಯಾವ ಲಾಡಿ ಎಂಬುದೂ ತಿಳಿದಿತ್ತು. ಅವಳು ಪೆನ್ನಿನ ಗೆರೆಗಳನ್ನು ಒರೆಸಿ, ನಾಳೆ ಬಾಯಿ ಬಿಡಬಾರದು ಎಂದು ಎಚ್ಚರಿಸಿದಳು. ಕಾಲಿಗೂ ಎಚ್ಚರಿಕೆ ಬೇಕೆಂಬುದು ಅವಳ ತಲೆಗೆ ಹೊಳೆಯಲಿಲ್ಲ.

ಇಲ್ಲಿ ದರ್ಜಿಯ ಸ್ವಭಾವದ ಬಗ್ಗೆ ಒಂದು ಮಾತು ಹೇಳಬೇಕು. ಹೊಟ್ಟೆ ಬಂದ ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿ, ಅಳತೆಯನ್ನು ಒಂದಿಷ್ಟು ಕಡಿಮೆ ಮಾಡಿ ಗಟ್ಟಿಯಾಗಿ ಹೇಳಿ, ಬಟ್ಟೆಯನ್ನು ಮಾತ್ರ ನಿಜವಾದ ಅಳತೆಗೇ ಹೊಲಿಯುವವನು ಅವನು. ಎದುರಿಗಿದ್ದವರ ಮುಖ ಬಾಡಿದರೆ ಅವನಿಗೆ ತಡೆಯುತ್ತಿರಲಿಲ್ಲ. ಹೆಂಡತಿಗೆ ಇದು ಗೊತ್ತಿತ್ತು. ಅದಕ್ಕೇ ಮರುದಿನ ಬೆಳಿಗ್ಗೆ ಪರೀಕ್ಷೆಯ ಕೋಣೆಯಲ್ಲಿ ಮಂಚದ ಮಧ್ಯೆ ಒಂದು ಹಸಿರು ಪರದೆ ಕಟ್ಟಿಸಿದ್ದಳು. ಆಚೆಗೆ ದರ್ಜಿ, ಈಚೆಗೆ ಅವನ ಮಂಡಿಯಿಂದ ಕೆಳಗಿನ ಎರಡು ಕಾಲು.

"ಇದ್ಯಾಕೆ?" ಎಂದು ಕೇಳಿದ.

"ನಿಮ್ಮ ಮುಖದಲ್ಲಿ ಒಂದು ಮಾತೂ ನಿಲ್ಲಲ್ಲ. ಸರಿಯಾದ ಜಾಗ ಮುಟ್ಟಿದ್ರೆ ಹಲ್ಲು ಕಿರೀತೀರಿ, ತಪ್ಪು ಜಾಗ ಮುಟ್ಟಿದ್ರೆ ಅಳ್ತೀರಿ. ಈ ಪರದೆ ಇರ್ಲಿ."

ಕೋಣೆಯ ಮೂಲೆಯಲ್ಲಿ ಮೇಜು. ಮೇಜಿನ ಹಿಂದೆ ಅವಳು, ಪಕ್ಕದಲ್ಲಿ ಬೇರೆ ಕಾಲೇಜಿನಿಂದ ಬಂದಿದ್ದ ವಯಸ್ಸಾದ ಪರೀಕ್ಷಕರು. ಅವರದು ದಪ್ಪ ಕನ್ನಡಕ, ಸಣ್ಣ ತೂಕಡಿಕೆ. ವಿದ್ಯಾರ್ಥಿ ಬಂದು ಬಟ್ಟಲಿನಿಂದ ಒಂದು ಚೀಟಿ ಎತ್ತಬೇಕು. ಅದರಲ್ಲಿದ್ದ ಸ್ನಾಯುವಿನ ಹೆಸರನ್ನು ಗಟ್ಟಿಯಾಗಿ ಓದಿ, ಮಲಗಿದವನಿಗೆ ಸರಿಯಾದ ಚಲನೆ ಮಾಡಲು ಹೇಳಿ, ಎದ್ದು ನಿಂತ ರಜ್ಜುವನ್ನು, ಅಂದರೆ ದರ್ಜಿಯ ಲಾಡಿಯನ್ನು, ಬೆರಳಿನಿಂದ ತೋರಿಸಬೇಕು.

ಮೊದಲು ಬಂದ ಹುಡುಗನ ಕೈ ಐಸಿನಂತೆ ತಣ್ಣಗಿತ್ತು, ಜೊತೆಗೆ ಒದ್ದೆ. ಪರದೆಯ ಆಚೆಗಿದ್ದ ದರ್ಜಿಗೆ ಕಾಲಿನ ಮೇಲೆ ಕಪ್ಪೆ ಕೂತಂತಾಯಿತು. ಹಲ್ಲು ಕಚ್ಚಿ ನಗು ತಡೆದ.

"ಎಕ್ಸ್‌ಟೆನ್ಸರ್... ಹ್ಯಾಲುಸಿಸ್... ಲಾಂಗಸ್," ಎಂದು ಓದಿದ ಹುಡುಗನ ದನಿ ನಡುಗುತ್ತಿತ್ತು. ಅದು ಹೆಬ್ಬೆರಳಿನ ಲಾಡಿ ಎಂದು ದರ್ಜಿಗೆ ತಕ್ಷಣ ನೆನಪಾಯಿತು. ಹುಡುಗನಿಗೆ ಆಗಲಿಲ್ಲ. ತಣ್ಣನೆಯ ಬೆರಳು ಹಿಮ್ಮಡಿಗೆ ಹೋಯಿತು, ಅಂಗಾಲಿಗೆ ಹೋಯಿತು, ಮತ್ತೆ ಮೀನಖಂಡಕ್ಕೆ ಬಂತು.

"ಸ್ವಲ್ಪ... ಪಾದ ಕೆಳಗೆ ಮಾಡ್ತೀರಾ?" ಎಂದ ಹುಡುಗ.

ಅಯ್ಯೋ ಮಗನೇ, ಕೆಳಗಲ್ಲ ಎಂದು ದರ್ಜಿ ಮನಸ್ಸಿನಲ್ಲೇ ಕೂಗಿದ. ಬಾಯಿ ಬಿಡುವಂತಿಲ್ಲ. ಆ ಮುಖ ಕಾಣದಿದ್ದರೂ ಅದು ಬಾಡಿದೆ ಎಂಬುದು ಕೈಯಿಂದಲೇ ತಿಳಿಯುತ್ತಿತ್ತು. ಪಾದ ಕೆಳಗೆ ಹೋಗಲಿಲ್ಲ. ಅದರ ಬದಲು ಹೆಬ್ಬೆರಳು ತಾನಾಗಿಯೇ ಎಂಬಂತೆ ಮೆಲ್ಲಗೆ ಮೇಲೆದ್ದಿತು. ಪಾದದ ಮೇಲೆ ಹುರಿ ಬಿಗಿಯಿತು. ಹುಡುಗನ ಬೆರಳು ನಿಂತಿತು, ಯೋಚಿಸಿತು, ಹುರಿಯ ಮೇಲೆ ಬಂದು ಕೂತಿತು.

"ಇದು ಮೇಡಂ!"

ಮೇಜಿನ ಕಡೆಗೆ ಹುಡುಗನ ಬೆನ್ನಿತ್ತು, ಹೆಬ್ಬೆರಳು ಎದ್ದದ್ದು ಅವರಿಗೆ ಕಂಡಿರಲಿಲ್ಲ; ಅವನು ಪಕ್ಕಕ್ಕೆ ಸರಿದಾಗ ಬೆರಳಿಟ್ಟ ಜಾಗ ಮಾತ್ರ ಕಂಡಿತು. "ಸರಿ, ಹೋಗು," ಎಂದಳು ಅವಳು, ತುಸು ಅಚ್ಚರಿಯಿಂದ.

ಹುಡುಗ ಹೊರಗೆ ಹೋದ. ಕೋಣೆಯ ಹೊರಗಿನ ಓಣಿಯಲ್ಲಿ ಕಾಯುತ್ತಿದ್ದವರ ನಡುವೆ ಏನು ಗುಸುಗುಸು ನಡೆಯಿತೋ ದರ್ಜಿಗೆ ಕೇಳಿಸಲಿಲ್ಲ. ಆದರೆ ಮುಂದಿನವರು ಬರುವ ರೀತಿಯೇ ಬದಲಾಯಿತು. ಚೀಟಿ ಓದುವ ದನಿ ಹೋಟೆಲಿನಲ್ಲಿ ಕಾಫಿ ಹೇಳುವಷ್ಟು ಗಟ್ಟಿಯಾಯಿತು. ಅದೂ ಮೇಜಿನ ಕಡೆಗಲ್ಲ, ಪರದೆಯ ಕಡೆಗೆ. "ಟಿಬಿಯಾಲಿಸ್ ಆಂಟೀರಿಯರ್!" ಎಂದು ಒಬ್ಬಳು ಕೂಗಿದಳು, ಪಾದ ಎದ್ದಿತು. "ಪೆರೋನಿಯಸ್ ಲಾಂಗಸ್!" ಎಂದ ಇನ್ನೊಬ್ಬ, ಪಾದ ಹೊರಗೆ ತಿರುಗಿತು. ಕೆಲಸ ಮುಗಿದ ಮೇಲೆ ಒಬ್ಬ ಸದ್ದಿಲ್ಲದೆ ಹೆಬ್ಬೆರಳನ್ನು ಹಿಡಿದು ಕುಲುಕಿ ಹೋದ. ಹಸ್ತಲಾಘವದಂತೆ.

ದರ್ಜಿಗೆ ಮೋಜು ಹತ್ತಿತು. ಒಳ್ಳೆಯ ಕೈಗಳಿಗೆ ಚುರುಕಾಗಿ ಹೇಳಿದ, ಪುಕ್ಕಲು ಕೈಗಳಿಗೆ ನಿಧಾನವಾಗಿ ಹೇಳಿದ. ಒಬ್ಬ ಉಗುರು ಬಿಟ್ಟವನು ಬಂದು, ಚರ್ಮವನ್ನು ಬಟ್ಟೆ ಚಿವುಟಿದಂತೆ ಚಿವುಟಿ, "ಏಯ್, ಸರಿಯಾಗಿ ಅಲ್ಲಾಡ್ಸಪ್ಪ" ಎಂದು ಪಿಸುಗುಟ್ಟಿದ. ಅವನಿಗೆ ಬೇಕಾಗಿದ್ದುದು ಹೊರಗಿನ ಪೆರೋನಿಯಸ್. ದರ್ಜಿ ಪಾದವನ್ನು ಮರ್ಯಾದೆಯಿಂದ ಒಳಗೆ ತಿರುಗಿಸಿದ. ಉಗುರಿನವನು ಒಳಗಿನ ಗಿಣ್ಣಿನ ಹಿಂದೆ ಬೆರಳಿಟ್ಟು, ಎದೆಯುಬ್ಬಿಸಿ ಉತ್ತರ ಹೇಳಿ, ಮೇಡಂನಿಂದ ಚೆನ್ನಾಗಿ ಉಗಿಸಿಕೊಂಡು ಹೋದ. ಪರದೆಯ ಆಚೆ ದರ್ಜಿ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು ನಕ್ಕ.

ಊಟದ ಬಿಡುವಿಗೆ ಮುಂಚೆ ಹಿರಿಯ ಪರೀಕ್ಷಕರು ಕನ್ನಡಕ ಒರೆಸುತ್ತ, "ಮೇಡಂ, ನಿಮ್ಮ ಮಕ್ಕಳು ಭಾರಿ ಚೆನ್ನಾಗಿ ತಯಾರಾಗಿದ್ದಾರೆ. ಒಬ್ಬನನ್ನು ಬಿಟ್ಟು ಎಲ್ಲರೂ ಸರಿ ಹೇಳಿದ್ರು" ಎಂದರು.

ಅವಳು ಥ್ಯಾಂಕ್ಸ್ ಎನ್ನಲಿಲ್ಲ. ಇವೇ ಮಕ್ಕಳು ಹೋದ ತಿಂಗಳು ಹಿಮ್ಮಡಿಯ ರಜ್ಜುವನ್ನು ಮಂಡಿಯ ಹತ್ತಿರ ಹುಡುಕಿದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಮೆಲ್ಲಗೆ ಕತ್ತು ತಿರುಗಿಸಿ ಪರದೆಯನ್ನು ನೋಡಿದಳು. ಪರದೆಯ ಹಿಂದಿನಿಂದ ಸಣ್ಣಗೆ ಯಾವುದೋ ರಾಗ ಗುನುಗುವುದು ಕೇಳುತ್ತಿತ್ತು. ಈಚೆಗೆ ಚಾಚಿದ್ದ ಹೆಬ್ಬೆರಳು ಅದಕ್ಕೆ ತಾಳ ಹಾಕುತ್ತಿತ್ತು.

ಸಿಟ್ಟು ಬಂದರೆ ಅವಳು ಬೈಯುವುದಕ್ಕಿಂತ ಮೊದಲು ಕೆಲಸಕ್ಕೆ ಇಳಿಯುತ್ತಿದ್ದಳು. ಅದೇ ಅವಳ ಅಪಾಯಕಾರಿ ಗುಣ. ಬಿಡುವಿನಲ್ಲಿ ಬಟ್ಟಲಿನ ಚೀಟಿಗಳನ್ನೆಲ್ಲ ಸುರಿದು ಹೊಸ ಚೀಟಿ ಬರೆದಳು. ತನ್ನ ಕುರ್ಚಿಯನ್ನು ಮಂಚದ ಪಕ್ಕಕ್ಕೆ, ಕಾಲು ಚೆನ್ನಾಗಿ ಕಾಣುವಲ್ಲಿಗೆ ಎಳೆದುಕೊಂಡಳು.

ಮಧ್ಯಾಹ್ನ ಬಂದ ಮೊದಲ ಹುಡುಗಿ ಚೀಟಿ ಬಿಚ್ಚಿ ಪರದೆಯ ಕಡೆಗೆ ಕೂಗಿದಳು: "ಎಡಗಾಲಿನ ಪೆರೋನಿಯಸ್ ಟರ್ಷಿಯಸ್!"

ದರ್ಜಿ ಗಲಿಬಿಲಿಯಾದ. ಪೆರೋನಿಯಸ್ ಮನೆತನದ ಇಬ್ಬರು ಅವನಿಗೆ ಗೊತ್ತು. ಈ ಮೂರನೆಯವನು ಎಲ್ಲಿಂದ ಬಂದ? ಟರ್ಷಿಯಸ್ ಎಂದರೆ ಕಿವಿಗೆ ಯಾವುದೋ ಟೆರಿಕಾಟ್ ಜಾತಿಯ ಬಟ್ಟೆಯಂತೆ ಕೇಳಿಸಿತು. ನಿನ್ನೆ ಇವನನ್ನು ಹೇಳಿಕೊಡಲೇ ಇಲ್ಲವಲ್ಲ! ಈಗ ಹುಡುಗಿಯನ್ನು ನಡುನೀರಿನಲ್ಲಿ ಬಿಡುವುದೇ? ಯಾವುದಕ್ಕೂ ಇರಲಿ ಎಂದು ಎಡಪಾದವನ್ನು ಮೇಲೆತ್ತಿದ, ಹೊರಗೆ ತಿರುಗಿಸಿದ, ಬೆರಳುಗಳನ್ನೂ ಬೀಸಣಿಗೆಯಂತೆ ಅಗಲಿಸಿದ. ಎದ್ದಷ್ಟು ಲಾಡಿಗಳಲ್ಲಿ ಅವಳಿಗೆ ಬೇಕಾದ್ದನ್ನು ಹಿಡಿದುಕೊಳ್ಳಲಿ ಎಂಬುದು ಅವನ ಲೆಕ್ಕಾಚಾರ. ಅವಳು ಒಂದನ್ನು ಹಿಡಿದಳು.

"ಸಿಕ್ತಾ?" ಎಂದಳು ಮೂಳೆ ಮೇಡಂ, ಎಂದೂ ಇಲ್ಲದ ಪ್ರೀತಿಯಿಂದ.

"ಸಿಕ್ತು ಮೇಡಂ."

"ಗಟ್ಟಿಯಾಗಿದೆಯಾ?"

"ತುಂಬಾ ಗಟ್ಟಿಯಾಗಿದೆ ಮೇಡಂ. ಹಗ್ಗದ ಥರ."

"ಒಳ್ಳೇದು. ಹೋಗಮ್ಮ."

ಎರಡನೆಯವನಿಗೂ ಅದೇ ಚೀಟಿ. ಮೂರನೆಯವಳಿಗೂ ಅದೇ. ಪ್ರತಿಯೊಬ್ಬರಿಗೂ ಸಿಕ್ಕಿತು, ಒಬ್ಬನಿಗೆ ಹೆಬ್ಬೆರಳಿನ ಹತ್ತಿರ, ಒಬ್ಬಳಿಗೆ ಹಿಮ್ಮಡಿಯ ಹತ್ತಿರ. "ಬೇರೆಯವರ ಕಾಲಿಗಿಂತ ಇವರದು ದಪ್ಪ ಇದೆ ಮೇಡಂ" ಎಂದು ಒಬ್ಬ ಪ್ರಶಂಸೆ ಕೂಡ ಮಾಡಿದ. ಹಿರಿಯ ಪರೀಕ್ಷಕರ ತೂಕಡಿಕೆ ಹಾರಿಹೋಗಿತ್ತು. ಅವರು ಎದ್ದು ಬಂದು ಕಾಲನ್ನು ಹತ್ತಿರದಿಂದ ನೋಡಿ, ಮೇಡಂನ ಮುಖ ನೋಡಿ, ಮೀಸೆಯಡಿ ನಗು ಅಡಗಿಸಿಕೊಂಡು ಹೋಗಿ ಕೂತರು.

ಕಡೆಗೆ ಬಂದವಳನ್ನು ಇಡೀ ಕಾಲೇಜು ಡೌಟಮ್ಮ ಎಂದು ಕರೆಯುತ್ತಿತ್ತು. ಪಾಠ ಮುಗಿದು ಎಲ್ಲರೂ ಎದ್ದು ಹೊರಟಾಗ ಕೈ ಎತ್ತುವವಳು ಅವಳು. ಹೋದ ವರ್ಷ ಇದೇ ಪರೀಕ್ಷೆಯಲ್ಲಿ ಹೆದರಿ ಬಾಯಿ ಕಟ್ಟಿ ನಪಾಸಾಗಿದ್ದಳು. ಇವಳು ಪರದೆಯ ಕಡೆಗೆ ಕೂಗಲಿಲ್ಲ. ಓಣಿಯ ಸುದ್ದಿ ಅವಳಿಗೂ ಮುಟ್ಟಿರಬಹುದು. ಅದರ ಬಗ್ಗೆಯೂ ಡೌಟು ಬಂದಿರಬೇಕು. ಮೆಲ್ಲಗೆ ಹೆಸರು ಓದಿ, ಕಿರುಬೆರಳಿನ ನೇರಕ್ಕೆ, ಪಾದದ ಹೊರ ಅಂಚಿನ ಮೇಲೆ ಎರಡು ಬೆರಳಿಟ್ಟಳು.

ದರ್ಜಿ ಎಂದಿನಂತೆ ಪಾದವನ್ನು ಗಾಳಿಪಟದ ಹಾಗೆ ಆಡಿಸತೊಡಗಿದ.

"ಅಣ್ಣಾ, ಒಂದ್ನಿಮಿಷ," ಎಂದಳು. "ಬೆರಳು ಸಡಿಲ ಬಿಡಿ. ಪಾದ ಮಾತ್ರ ಮೇಲೆತ್ತಿ. ಹಾಂ, ಈಗ ಹೊರಗೆ ತಿರುಗಿಸಿ. ನಾನು ತಳ್ತೀನಿ, ನೀವು ಬಿಡಬೇಡಿ."

ಹುಡುಕಿದಳು. ಇನ್ನೊಮ್ಮೆ ಮಾಡಿಸಿದಳು. ಬಲಗಾಲಿಗೆ ಹೋಗಿ ಅಲ್ಲೂ ಅದೇ ಜಾಗ ಮುಟ್ಟಿ ನೋಡಿ, ಎಡಕ್ಕೆ ಮರಳಿದಳು.

"ಸಿಕ್ತಾ?" ಎಂದಳು ಮೇಡಂ.

"ಮೇಡಂ... ಒಂದು ಡೌಟು."

"ಹೇಳು."

"ಬಲಗಾಲಲ್ಲಿ ಇದೆ. ಎಡಗಾಲಲ್ಲಿ ಇದು... ಇಲ್ಲ ಅನ್ಸುತ್ತೆ. ಇಲ್ಲಿ ಏಳ್ತಾ ಇರೋದು ಕಿರುಬೆರಳು ಎತ್ತೋ ರಜ್ಜು. ಅದರ ಹೊರಗೆ ಇನ್ನೊಂದು ಇರ್ಬೇಕಿತ್ತು. ಇವರಿಗೆ ಆ ಸ್ನಾಯುನೇ ಇಲ್ಲ ಮೇಡಂ."

"ಏನು! ಇಲ್ವಾ?" ಎಂದು ಪರದೆಯ ಆಚೆಯಿಂದ ದೊಡ್ಡ ದನಿ ಕೇಳಿತು.

ಡೌಟಮ್ಮ ಹಿಂದಕ್ಕೆ ಹಾರಿದಳು. ಪರದೆ ಅಲುಗಿತು, ಕ್ಲಿಪ್ಪು ಕಳಚಿತು, ಹಸಿರು ಬಟ್ಟೆ ಕೆಳಗೆ ಬಿತ್ತು. ಕೊರಳಲ್ಲಿ ಟೇಪು ಹಾಕಿಕೊಂಡಿದ್ದ ದರ್ಜಿ ಎದ್ದು ಕೂತು, ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಬಾಗಿಲ ಗಾಜಿಗೆ ಅಂಟಿಕೊಂಡಿದ್ದ ಮುಖಗಳೆಲ್ಲ ಒಟ್ಟಿಗೇ ಬಾಯಿ ತೆರೆದವು. ಅದು ಕಾವಲುಗಾರನಲ್ಲ, ಮೇಡಂನ ಗಂಡ ಎಂದು ಅವರಿಗೆ ಆಗ ಗೊತ್ತಾಯಿತು.

"ಏನಮ್ಮಾ, ನಿಜವಾಗ್ಲೂ ಇಲ್ವಾ? ನೋಡು, ಇನ್ನೊಂದ್ಸಲ ನೋಡು. ನಡೆಯೋಕೆ ತೊಂದರೆ ಆಗುತ್ತಾ? ಮಷೀನು ತುಳಿಯೋಕೆ?"

"ಏನೂ ಆಗಲ್ಲ ಅಂಕಲ್," ಎಂದಳು ಹುಡುಗಿ, ಅವನ ಗಾಬರಿ ಕಂಡು ತನ್ನ ಹೆದರಿಕೆ ಮರೆತು. "ಎಷ್ಟೋ ಜನಕ್ಕೆ ಹುಟ್ಟಿನಿಂದ್ಲೇ ಇರಲ್ಲ. ಅವರಿಗೆ ಗೊತ್ತೂ ಆಗಲ್ಲ. ಅಕ್ಕಪಕ್ಕದ ಸ್ನಾಯುಗಳು ಆ ಕೆಲಸ ಹಂಚ್ಕೊಳ್ತವೆ."

ಹಿರಿಯ ಪರೀಕ್ಷಕರು ಇನ್ನು ತಡೆಯಲಾರದೆ ನಕ್ಕರು. ಕನ್ನಡಕ ತೆಗೆದು ಕಣ್ಣೀರು ಒರೆಸಿಕೊಂಡು, "ಮೇಡಂ, ಮಧ್ಯಾಹ್ನದಿಂದ ಇಲ್ಲದ ಸ್ನಾಯುವನ್ನ ಇಷ್ಟು ಜನ ಮುಟ್ಟಿ, ಗಟ್ಟಿಯಾಗಿದೆ ಅಂತ ಹೇಳಿ ಹೋದ್ರಲ್ಲ!" ಎಂದರು.

ಮೂಳೆ ಮೇಡಂ ನಗಲಿಲ್ಲ. ಡೌಟಮ್ಮನ ಬೆನ್ನು ತಟ್ಟಿ ಪಾಸು ಎಂದಳು. ಆಮೇಲೆ ಬಾಗಿಲು ತೆರೆದು ಓಣಿಯವರಿಗೆ ಹೇಳಿದಳು: "ಬೆಳಿಗ್ಗೆ ಬಂದವರಿಗೂ ಮಧ್ಯಾಹ್ನ ಬಂದವರಿಗೂ ನಾಳೆ ಮತ್ತೆ ಪರೀಕ್ಷೆ."

"ಕಾಲು ಯಾರದು ಮೇಡಂ?" ಎಂದಿತು ಒಂದು ಕ್ಷೀಣ ದನಿ.

"ನಂದು."

ಓಣಿಯಲ್ಲಿ ಯಾರೋ ನಿಟ್ಟುಸಿರುಬಿಟ್ಟು ಗೋಡೆಗೊರಗಿದ ಸದ್ದಾಯಿತು.

ಆ ಸಂಜೆ ಮನೆಯಲ್ಲಿ ಅವಳು ತಟ್ಟೆ ಲೋಟಗಳನ್ನು ಕುಕ್ಕಿ ಕುಕ್ಕಿ ಇಟ್ಟಳು. ದರ್ಜಿ ಕಾಲನ್ನು ಮುಂದೆ ಚಾಚಿ ಕೂತು, ಮತ್ತೆ ಮತ್ತೆ ಪಾದ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಕೊನೆಗೆ ಬಾಯಿಬಿಟ್ಟ.

"ನಿನಗೆ ನಿನ್ನೆನೇ ಗೊತ್ತಿತ್ತಾ?"

"ಗೆರೆ ಎಳೀವಾಗ್ಲೇ ಗೊತ್ತಾಯ್ತು."

"ಹೇಳಬಾರದಿತ್ತಾ? ಇಷ್ಟು ವರ್ಷ ಒಂದು ಸ್ನಾಯು ಇಲ್ಲದೇ ಸಂಸಾರ ಮಾಡಿದ್ದೀನಿ!"

"ನಿಮಗೆ ಇನ್ನೂ ಏನೇನಿಲ್ಲ ಅಂತ ನನಗೆ ಗೊತ್ತಿದೆ. ಅದನ್ನೆಲ್ಲ ಹೇಳಿದ್ದೀನಾ?" ಎಂದು ಅವಳು ತಟ್ಟೆ ಎತ್ತಿಕೊಂಡು ಎದ್ದಳು. "ಆ ಮಕ್ಕಳು ನಾಳೆ ಡಾಕ್ಟರಾಗೋರು. ನಿಜವಾದ ರೋಗಿಯ ಕಾಲು ಅವರಿಗೆ ಉತ್ತರ ಹೇಳಿಕೊಡುತ್ತಾ? ಪಾಪ ಅಂತ ಬೆರಳು ಎತ್ತೋದು ಸುಲಭ. ನನಗೆ ಬರಲ್ವಾ ಅದು?"

ದರ್ಜಿ ಚಾಚಿದ್ದ ಕಾಲನ್ನು ಮೆಲ್ಲಗೆ ಒಳಗೆಳೆದುಕೊಂಡ. ಅವಳು ಹೇಳಿದ್ದು ಸರಿ ಎಂದೂ ಅನಿಸಿತು. ಸರಿಯಾದ ಮಾತು ಕೇಳಿಸಿಕೊಂಡಾಗ ಆಗುವ ಕಿರಿಕಿರಿಯೂ ಆಯಿತು.

ಮರುದಿನ ಅವಳು ಸಿಟ್ಟಿನ ಬಿಸಿಯಲ್ಲೇ ಹೊರಟುಹೋದಳು. ಅವಳ ಓದುವ ಕನ್ನಡಕ ಹೊಲಿಗೆ ಮಷೀನಿನ ಮೇಲೆಯೇ ಉಳಿಯಿತು. ದರ್ಜಿ ಅಂಗಡಿ ತೆರೆಯುವುದನ್ನು ತಡಮಾಡಿ, ಕನ್ನಡಕ ಹಿಡಿದು ಕಾಲೇಜಿಗೆ ಹೋದ. ಓಣಿಯಲ್ಲಿದ್ದವರು ಅವನನ್ನು ಕಂಡು ಅರ್ಧ ನಾಚಿಕೆ, ಅರ್ಧ ಗೌರವದಿಂದ ದಾರಿ ಬಿಟ್ಟರು. ಬಾಗಿಲ ಗಾಜಿನಲ್ಲಿ ಇಣುಕಿದ.

ಪರದೆ ಇರಲಿಲ್ಲ. ಅವಳು ಮಂಚದ ಮೇಲೆ ನೆಟ್ಟಗೆ ಕೂತು, ಎರಡೂ ಕಾಲು ಚಾಚಿದ್ದಳು. ಮುಖ ಕಲ್ಲು. ಪಕ್ಕದಲ್ಲಿ ಹಿರಿಯ ಪರೀಕ್ಷಕರು ಚೀಟಿಗಳ ಬಟ್ಟಲು ಹಿಡಿದಿದ್ದರು. ಎದುರಿಗೆ ನಿಂತಿದ್ದವನು ಬೆವರುತ್ತಿದ್ದ ತೆಳ್ಳನೆಯ ಹುಡುಗ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುವುದನ್ನು ನೋಡಿ ದರ್ಜಿಗೆ ನಿನ್ನೆಯ ಮೊದಲ ಗಿರಾಕಿ ಇವನೇ ಎಂದು ತಿಳಿಯಿತು.

"ಟಿಬಿಯಾಲಿಸ್ ಪೋಸ್ಟೀರಿಯರ್," ಎಂದು ಓದಿದ ಹುಡುಗ. ಅವನು ರಾತ್ರಿಯಿಡೀ ಓದಿದ್ದಿರಬೇಕು, ಕಣ್ಣು ಕೆಂಪಗಿದ್ದವು. "ಇದು ಮೀನಖಂಡದ ಒಳಗಡೆ, ಎಲ್ಲಕ್ಕಿಂತ ಆಳದಲ್ಲಿರುತ್ತೆ ಮೇಡಂ. ಪಾದದ ಕಮಾನನ್ನ ಎತ್ತಿಹಿಡಿಯುತ್ತೆ. ಇದು ಸೋತರೆ ಪಾದ ಚಪ್ಪಟೆ ಆಗುತ್ತೆ. ಇದರ ರಜ್ಜು ಗಿಣ್ಣಿನ ಹಿಂದೆ..."

"ಬಾಯಲ್ಲಿ ಬೇಡ. ತೋರಿಸು."

ಹುಡುಗನ ಕೈ ಮುಂದೆ ಬಂತು, ಹೊರಗಿನ ಗಿಣ್ಣಿನ ಮೇಲೆ ತೇಲಿತು. ಒಳಗೋ ಹೊರಗೋ ಎಂಬುದು ಆ ಗಳಿಗೆಯಲ್ಲಿ ಅವನ ತಲೆಯಿಂದ ಹಾರಿಹೋಗಿತ್ತು. ದರ್ಜಿ ಗಾಜಿನಾಚೆ ಉಸಿರು ಬಿಗಿಹಿಡಿದ. ಕಲ್ಲಿನ ಮುಖ ಗೋಡೆಯನ್ನೇ ನೋಡುತ್ತಿತ್ತು. ಹಿರಿಯ ಪರೀಕ್ಷಕರು ಯಾಕೋ ಆಗಲೇ ಕಿಟಕಿಯಾಚೆಗಿನ ಕಾಗೆಯನ್ನು ನೋಡಬೇಕಾಯಿತು.

ಆಗ ಅವಳ ಬಲಪಾದದ ತುದಿ ತುಸು ಕೆಳಗೆ ಬಾಗಿ ಒಳಕ್ಕೆ ಹೊರಳಿತು. ಹೆಚ್ಚೇನಲ್ಲ, ಒಂದು ಗುಂಡಿಯ ದಪ್ಪದಷ್ಟು. ಒಳಗಿನ ಗಿಣ್ಣಿನ ಹಿಂದೆ ಒಂದು ಎಳೆ ಬಿಗಿದು, ಮತ್ತೆ ಚರ್ಮದೊಳಗೆ ಇಳಿದುಹೋಯಿತು.

ಹುಡುಗನ ಕೈ ಹೊರಗಿನಿಂದ ಒಳಗೆ ಬಂದು ಅಲ್ಲೇ ನಿಂತಿತು. "ಮೇಡಂ, ಪಾದವನ್ನ ಕೆಳಗೆ ಮಾಡಿ ಒಳಗೆ ತಿರುಗಿಸಿ. ನಾನು ತಡೀತೀನಿ," ಎಂದ. ಈ ಸಲ ದನಿ ನಡುಗಲಿಲ್ಲ.

"ಹೂಂ. ಸರಿ. ಹೋಗು."

ದರ್ಜಿ ಒಳಗೆ ಹೋಗಲಿಲ್ಲ. ಕನ್ನಡಕವನ್ನು ಕಾವಲುಗಾರನ ಕೈಗೆ ಕೊಟ್ಟು, ದಾರಿಯುದ್ದಕ್ಕೂ ತನ್ನಷ್ಟಕ್ಕೆ ನಗುತ್ತ ಅಂಗಡಿಗೆ ಬಂದ.

ಸಂಜೆ ಅವಳು ಮನೆಗೆ ಬಂದು ಚಪ್ಪಲಿ ಬಿಟ್ಟು ಕೂತಾಗ ಅವನು ಒಂದು ಅಂಗಿಯ ತೋಳಿಗೆ ದಾರ ಹಾಕುತ್ತಿದ್ದ. ತಲೆ ಎತ್ತಲಿಲ್ಲ.

"ಹೇಗಾಯ್ತು ಪರೀಕ್ಷೆ?"

"ಆಯ್ತು. ಓದಿದವರು ಪಾಸಾದ್ರು, ಓದದವರು ಇಲ್ಲ. ಆ ಬೆವರೋ ಹುಡುಗನೂ ಪಾಸು."

"ನಾನು ಗಾಜಿನಲ್ಲಿ ನೋಡ್ತಿದ್ದೆ. ನಿನ್ನ ಪಾದ ಹಂದಾಡ್ತು."

"ಹಂದಾಡ್ಲಿಲ್ಲ."

"ಹಂದಾಡ್ತು ಕಣೇ."

"ಅಷ್ಟೊತ್ತು ಕಾಲು ಚಾಚಿ ಕೂತ್ರೆ ಸೆಳೆತ ಬರಲ್ವಾ? ಅದು ಸೆಳೆತ."

"ಓ, ಸೆಳೆತ," ಎಂದ ದರ್ಜಿ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ. "ಯಾವ ಸ್ನಾಯುಗೆ ಬಂದಿದ್ದು?"

"ಟಿಬಿಯಾಲಿಸ್ ಪೋಸ್ಟೀ..." ಎಂದವಳು ಅರ್ಧದಲ್ಲೇ ನಿಂತಳು.

ಕೈಗೆ ಸಿಕ್ಕಿದ್ದು ಸೂಜಿ ಚುಚ್ಚುವ ದಿಂಬು. ಅದನ್ನು ಬೀಸಿ ಒಗೆದಳು. ಅವನು ತಪ್ಪಿಸಿಕೊಂಡ. ಅದು ಹೋಗಿ ಗಿರಾಕಿಯೊಬ್ಬರ ಹೊಸ ಕೋಟಿಗೆ ಅಂಟಿಕೊಂಡಿತು.